ಬಲಗಾಲಿಗೆ ಸುತ್ತಿದ ಪಟ್ಟಿ

"ಆ ಮೇಜಿಂದ ಏಳಿ. ಅದು ಓಟಿಸ್ ಕೂರೋ ಜಾಗ."

ಲಮಾರ್ ಪ್ರೂಯಿಟ್ ತಲೆಯೆತ್ತಿ ನೋಡಿದ. ಆರೂವರೆ ಅಡಿಯ ಆಳು, ಹೆಗಲ ಮೇಲಿನ ಬ್ಯಾಗನ್ನು ಇನ್ನೂ ಇಳಿಸಿರಲಿಲ್ಲ.

"ಓಟಿಸ್ ಈಗ ಇಲ್ಲ ಅಲ್ವಾ?" ಎಂದ ಮೆಲ್ಲಗೆ.

"ಹೌದು, ಇಲ್ಲ. ಯಾರಿಂದ ಇಲ್ಲ ಅಂತ ಊರಿಗೆಲ್ಲ ಗೊತ್ತು," ಎಂದಳು ರೆನಾಟಾ.

ಅವನು ಮೇಜಿನಿಂದ ಎದ್ದು, ಗೋಡೆ ಬದಿಯ ಸ್ಟೂಲಿನ ಮೇಲೆ ಕುಳಿತು ಕಾಲು ಚಾಚಿದ.

ರೆನಾಟಾ ಯುರ್ಕೊಗೆ ಮೂಗಿನ ತುದಿಯಲ್ಲೇ ಕೋಪ. ಪಿಟ್ಸ್‌ಬರ್ಗ್‌ನ ಬ್ಯಾಸ್ಕೆಟ್‌ಬಾಲ್ ತಂಡ ಐರನ್‌ಮೆನ್‌ನಲ್ಲಿ ಅದು ಎಲ್ಲರಿಗೂ ಗೊತ್ತಿದ್ದದ್ದೇ. ಒಂಬತ್ತು ವರ್ಷದಿಂದ ಆಟಗಾರರ ಕೈಕಾಲುಗಳ ಆರೈಕೆ ಅವಳದು. ಪ್ರತಿ ಪಂದ್ಯಕ್ಕೂ ಮುಂಚೆ ಒಬ್ಬೊಬ್ಬರ ಪಾದದ ಕೀಲಿಗೂ ಬಿಳಿ ಪಟ್ಟಿ ಬಿಗಿಯಾಗಿ ಸುತ್ತಿ ಕಳಿಸುವವಳು ಅವಳೇ.

ಆದರೆ ಈ ಸಲದ ಕೋಪವೇ ಬೇರೆ. ನಾಯಕ ಓಟಿಸ್ ಬ್ರಾಂಚ್ ಅವಳಿಗೆ ಒಡಹುಟ್ಟಿದ ಅಣ್ಣನಿದ್ದ ಹಾಗೆ. ಅಂಥವನನ್ನು ಸೀಸನ್ನಿನ ನಡುಮಧ್ಯೆ, ಅದೂ ಗೆಲ್ಲುತ್ತಿದ್ದ ತಂಡದಿಂದ, ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವ ಫೆಬ್ರವರಿಯ ಗಡುವಿಗೆ ಹತ್ತು ನಿಮಿಷ ಇರುವಾಗ ಬೇರೆ ತಂಡಕ್ಕೆ ಎತ್ತಿಕೊಟ್ಟು, ಬದಲಿಗೆ ಫ್ಲೋರಿಡಾದಿಂದ ಈ ಲಮಾರ್‌ನನ್ನು ತಂದಿದ್ದರು. ಲಮಾರ್ ತಾನೇ ಹಟ ಹಿಡಿದು ಇಲ್ಲಿಗೆ ಬಂದನೆಂದು ಪತ್ರಿಕೆಗಳು ಬರೆದವು. ರೆನಾಟಾ ನಂಬಿದಳು. ಸಿಟ್ಟಿಗೆ ಒಂದು ಮುಖ ಬೇಕಿತ್ತು, ಸಿಕ್ಕಿತು.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರಲ್ಲ, ಇಡೀ ತಂಡವೂ ಅದನ್ನೇ ಮಾಡಿತು. ಆಡಳಿತದವರನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹೊಸಬನನ್ನು ಗೋಳು ಹೊಯ್ದುಕೊಳ್ಳುವುದು ಸುಲಭವಾಗಿತ್ತು.

ಓಟಿಸ್ ನಿಲ್ಲುತ್ತಿದ್ದದ್ದು ಅಂಗಳದ ಬಲಮೂಲೆಯಲ್ಲಿ. ಚೆಂಡು ಹಂಚುವ ಟೀಗ್ ಕಣ್ಣು ಮುಚ್ಚಿಯೂ ಅಲ್ಲಿಗೆ ಎಸೆಯಬಲ್ಲವನು. ಲಮಾರ್‌ನ ಜಾಗ ಎಡಮೂಲೆ. ಅಲ್ಲಿ ಅವನು ಕೈಯೆತ್ತಿ ನಿಂತೇ ಇರುತ್ತಿದ್ದ, ಚೆಂಡು ಬಲಕ್ಕೆ ಹಾರಿ ಖಾಲಿ ಮೂಲೆ ದಾಟಿ ಹೊರಗೆ ಹೋಗುತ್ತಿತ್ತು. ಏಳು ಪಂದ್ಯಗಳಲ್ಲಿ ಆರು ಸೋಲು. ಸೊಂಟಕ್ಕೆ ಕೈಕೊಟ್ಟು ನಿಲ್ಲುವುದು, ಒಬ್ಬರ ಮೇಲೊಬ್ಬರು ಹರಿಹಾಯುವುದು, ಇಷ್ಟೇ ಉಳಿಯಿತು.

ಪಂದ್ಯಕ್ಕೆ ಮುಂಚೆ ಆಟಗಾರರು ಜೋಡಿ ಜೋಡಿಯಾಗಿ ತಮ್ಮದೇ ರೀತಿಯಲ್ಲಿ ಕೈ ತಟ್ಟಿ, ಭುಜ ಗುದ್ದಿ, ಕುಣಿದು ಅಂಗಳಕ್ಕಿಳಿಯುವುದು ವಾಡಿಕೆ. ಆ ಹೊತ್ತಿಗೆ ಲಮಾರ್ ಒಬ್ಬನೇ ಬಗ್ಗಿ, ಕಟ್ಟಿದ್ದ ಶೂ ದಾರವನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದ.

ನೋಡಬಾರದು ಅಂದುಕೊಂಡರೂ ರೆನಾಟಾಳ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಪಾಪ ಅನ್ನಿಸುತ್ತಿತ್ತು... ಅನ್ನಿಸಿದ್ದಕ್ಕೇ ಇನ್ನಷ್ಟು ಸಿಟ್ಟು ಬರುತ್ತಿತ್ತು. ಪಟ್ಟಿ ಸುತ್ತಿಸಿಕೊಂಡು ಏಳುವಾಗ ಪ್ರತಿ ಸಲವೂ ಅವನು ಥ್ಯಾಂಕ್ಸ್ ಹೇಳುತ್ತಿದ್ದ. ಉಳಿದವರು ಆ ಮಾತನ್ನು ಮರೆತು ವರ್ಷಗಳಾಗಿದ್ದವು. ಅವಳು ಮಾತ್ರ ಒಮ್ಮೆಯೂ ಉತ್ತರ ಕೊಡಲಿಲ್ಲ.

ಆ ಭಾನುವಾರ ಮಧ್ಯಾಹ್ನ ಎದುರಾಳಿಯಾಗಿ ಬಂದದ್ದು ಓಟಿಸ್‌ನ ಹೊಸ ತಂಡ.

ಅವನು ಬೇರೆ ಬಣ್ಣದ ಅಂಗಿಯಲ್ಲಿ ಎದುರಾದಾಗ ಅವಳು ಓಡಿ ಹತ್ತಿರ ಹೋದಳು. ಅವನು ತಬ್ಬಿಕೊಂಡು, ಹೊಸಬನನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೀಯಾ ಎಂದು ಕೇಳಿದ. ಅವಳು ಮುಖ ಗಂಟಿಕ್ಕಿದಳು.

"ಅವನೇನು ಕೇಳ್ಕೊಂಡು ಬಂದವನಲ್ಲ ಕಣೇ," ಎಂದ ಓಟಿಸ್. "ನನ್ನ ಹಾಗೇ ಅವನನ್ನೂ ಎತ್ತಿ ಹಾಕಿದ್ರು. ಆ ದಿನವೇ ಫೋನ್ ಮಾಡಿ ನನ್ನ ಹತ್ರ ಕ್ಷಮೆ ಕೇಳಿದ. ಮಾಡದ ತಪ್ಪಿಗೆ."

ರೆನಾಟಾ ಅವನ ತೋಳಿನಿಂದ ಬಿಡಿಸಿಕೊಂಡು ಹಿಂದೆ ಸರಿದಳು. ಎರಡು ವಾರ ಹೊತ್ತಿದ್ದ ಸಿಟ್ಟನ್ನು ಈಗ ಎಲ್ಲಿ ಇಳಿಸುವುದು? ಛೇ, ಎಂಥ ಮಾತುಗಳನ್ನಾಡಿದೆ ನಾನು!

ತುಂಬಿದ ಕಣ್ಣಲ್ಲೇ ಬಂದು ಲಮಾರ್‌ನ ಕಾಲಿಗೆ ಪಟ್ಟಿ ಸುತ್ತಿದಳು. ತಲೆಯೆತ್ತಲಿಲ್ಲ. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು.

ಪಂದ್ಯದಲ್ಲಿ ಟೀಗ್ ಅಭ್ಯಾಸಬಲದಿಂದ ಬಲಮೂಲೆಗೆ ಎಸೆದ. ಅಲ್ಲಿ ಈ ಸಲ ನಿಜಕ್ಕೂ ಓಟಿಸ್ ಇದ್ದ, ಎದುರಾಳಿಯಾಗಿ. ನಗುತ್ತಲೇ ಹಿಡಿದು ಓಡಿದ. ತಡೆಯಲು ಹಿಂದೆ ಓಡಿ ಹಾರಿದ ಲಮಾರ್ ಎಡಗಾಲ ಮೇಲೆ ವಾಲಿ ಬಿದ್ದ. ಮತ್ತೆ ಏಳಲಿಲ್ಲ.

ಆರೈಕೆ ಕೋಣೆಯಲ್ಲಿ ಪಟ್ಟಿಗೆ ಕತ್ತರಿ ಹಾಕಿದ ರೆನಾಟಾಳ ಕೈ ಅಲ್ಲೇ ನಿಂತಿತು. ಬಲಗಾಲಿಗೆ ದಪ್ಪ ಪಟ್ಟಿ, ಎಡಗಾಲಿಗೆ ತೆಳುವಾದದ್ದು. ಲಮಾರ್‌ನದು ಎಡಗಾಲು ಸೂಕ್ಷ್ಮ, ದಪ್ಪ ಪಟ್ಟಿ ಬೇಕಿದ್ದದ್ದು ಅದಕ್ಕೆ. ಬಲಗಾಲು ಸೂಕ್ಷ್ಮವಿದ್ದದ್ದು ಓಟಿಸ್‌ಗೆ! ಒಂಬತ್ತು ವರ್ಷ ಓಟಿಸ್‌ನ ಕಾಲಿಗೆ ಪಳಗಿದ ಕೈ ಇವತ್ತು ಕಣ್ಣೀರಿನ ನಡುವೆ ಅವನಿಗೇ ಸುತ್ತಿತ್ತು.

ಅಷ್ಟರಲ್ಲಿ ಕೋಚ್ ಹ್ಯಾಲೊರನ್ ನುಗ್ಗಿ ಬಂದು, ಕಾಲು ಉಳುಕಿದ್ದು ಹೇಗೆ, ಪಟ್ಟಿ ಏನಾಯಿತು ಎಂದು ಗುಡುಗಿದ.

"ನಾನೇ ಬಿಚ್ಚಿ ಸುತ್ಕೊಂಡೆ. ಬಿಗಿ ಅನ್ನಿಸ್ತು," ಎಂದ ಲಮಾರ್.

ಶಿಸ್ತಿಲ್ಲದವನಿಗೆ ನನ್ನ ತಂಡದಲ್ಲಿ ಜಾಗವಿಲ್ಲ, ಕಾಲು ವಾಸಿಯಾದರೂ ಇನ್ನು ಅಂಗಳಕ್ಕಿಳಿಸುವುದಿಲ್ಲ ಎಂದು ಬೈದು ಕೋಚ್ ಹೊರಟುಹೋದ. ರೆನಾಟಾ ಕತ್ತರಿ ಹಿಡಿದೇ ಲಮಾರ್‌ನತ್ತ ತಿರುಗಿದಳು.

"ಯಾಕೆ ಸುಳ್ಳು ಹೇಳಿದ್ರಿ?"

"ನಿಮ್ಮ ಕೆಲಸ ಹೋಗುತ್ತೆ."

"ನಿಮ್ಮದು?"

"ನಂದು ಹೇಗೂ ಹೋಗೋದೇ. ಐದು ವರ್ಷದಲ್ಲಿ ಇದು ನಾಲ್ಕನೇ ಊರು. ಈ ಸೀಸನ್ ಮುಗಿದ್ರೆ ಕಾಂಟ್ರಾಕ್ಟೂ ಮುಗೀತು."

"ಸುತ್ತುವಾಗಲೇ ಗೊತ್ತಾಗಿತ್ತಾ ನಿಮಗೆ?"

ಅವನು ಮುಖ ತಿರುಗಿಸಿದ. "ಗೊತ್ತಾಗಿತ್ತು. ನಿಮ್ಮ ಕಣ್ಣು ತುಂಬಿತ್ತು. ಒಂದು ಮಾತಾಡಿದ್ರೆ ಅತ್ತುಬಿಡೋ ಹಾಗಿದ್ರಿ. ಒಂದು ಪಂದ್ಯ ತಾನೇ, ಹೇಗೋ ನಡೆಯುತ್ತೆ ಅಂದ್ಕೊಂಡೆ."

ರೆನಾಟಾಳ ಮೈಯೆಲ್ಲ ಉರಿಯಿತು. "ನಿಮ್ಮ ಉಪಕಾರ ಯಾರು ಕೇಳಿದ್ರು? ಕಾಲು ಹೋಗಿದ್ರೆ ತಂದುಕೊಡೋರು ಯಾರು? ನನ್ನ ತಪ್ಪು ಹೊತ್ಕೊಳ್ಳೋಕೆ ನೀವು ಯಾರು ನನಗೆ?"

"ಅದನ್ನೇ ನಾನೂ ಎರಡು ವಾರದಿಂದ ಕೇಳ್ಕೊತಾ ಇದ್ದೀನಿ," ಎಂದ ಅವನು, ಅಷ್ಟೇ ಸಿಟ್ಟಿನಿಂದ.

ಅವಳು ಕತ್ತರಿ ಕೆಳಗಿಟ್ಟು ನೆಟ್ಟಗೆ ಆಟಗಾರರ ಕೋಣೆಗೆ ನಡೆದಳು. ಬಾಗಿಲು ದೂಡಿದಾಗ ಕೋಚ್ ಇನ್ನೂ ಕೂಗಾಡುತ್ತಿದ್ದ.

"ಲಮಾರ್ ಪಟ್ಟಿ ಮುಟ್ಟಲೇ ಇಲ್ಲ," ಎಂದಳು. "ನಾನೇ ತಪ್ಪು ಕಾಲಿಗೆ ದಪ್ಪ ಸುತ್ತಿದೆ. ಓಟಿಸ್ ಕಾಲು ಅಂದ್ಕೊಂಡು ಸುತ್ತಿದೆ."

ಕೋಚ್ ಅವಳತ್ತ ತಿರುಗಿದ. ಅವಳು ನಿಲ್ಲಿಸಲಿಲ್ಲ. "ನನಗೆ ಏನು ಶಿಕ್ಷೆಯೋ ಕೊಡಿ. ಆದ್ರೆ ನೀವೂ ಎರಡು ವಾರದಿಂದ ಇಲ್ಲದೇ ಇರೋನಿಗೆ ಚೆಂಡು ಎಸೀತಾ ಇದ್ದೀರಲ್ಲ, ನಿಮಗ್ಯಾರು ಶಿಕ್ಷೆ ಕೊಡ್ತಾರೆ? ಇರೋನು ಅಲ್ಲಿ ಕೈ ಎತ್ತಿ ಎತ್ತಿ ಸೋತುಹೋದ."

ಟೀಗ್ ತಲೆ ತಗ್ಗಿಸಿದ. ಉಳಿದವರೂ ಅವಳ ಮುಖ ನೋಡಲಿಲ್ಲ.

ಮರುದಿನ ಅವಳನ್ನು ಕೆಲಸದಿಂದ ತೆಗೆದರು. ಅನ್ಯಾಯವೇನಲ್ಲ, ತಪ್ಪು ತಪ್ಪೇ. ಊರಿನ ಒಂದು ಪುಟ್ಟ ಕ್ಲಿನಿಕ್ಕಿನಲ್ಲಿ ಸೇರಿಕೊಂಡಳು. ಲಮಾರ್ ದಿನವೂ ಫೋನ್ ಮಾಡುತ್ತಿದ್ದ. ಅವಳು ಎತ್ತುತ್ತಿರಲಿಲ್ಲ.

ಮೂರು ವಾರದ ನಂತರ ಅವನು ಮತ್ತೆ ಅಂಗಳಕ್ಕಿಳಿದ ದಿನ, ಬರಬಾರದೆಂದುಕೊಂಡವಳು ಟಿಕೆಟ್ ಕೊಂಡು ಮೇಲಿನ ಸಾಲಿನಲ್ಲಿ ಕುಳಿತಿದ್ದಳು. ಟೀಗ್ ಚೆಂಡು ಹಿಡಿದು ಬಲಕ್ಕೆ ನೋಡಿದ. ತಡೆದ. ಎಡಕ್ಕೆ ಎಸೆದ. ಲಮಾರ್ ಹಿಡಿದು ಬುಟ್ಟಿಗೆ ಹಾಕಿದ, ಬಲೆ ಅಲುಗಿತು. ಜನ ಎದ್ದು ಕೂಗುತ್ತಿದ್ದರೆ ಅವಳು ಕುಳಿತಲ್ಲೇ ಅತ್ತುಬಿಟ್ಟಳು.

ಗೆದ್ದ ತಂಡ ಹೊರಗೆ ಬರುವ ಬಾಗಿಲಲ್ಲಿ ಅವನು ಅವಳನ್ನು ಕಂಡ. ಮುಖದಲ್ಲಿ ಗೆಲುವೇನೂ ಇರಲಿಲ್ಲ, ಕೆಂಡದಂಥ ಸಿಟ್ಟಿತ್ತು.

"ನನಗೋಸ್ಕರ ಕೆಲಸ ಕಳ್ಕೊಂಡು, ಫೋನೂ ಎತ್ತದೆ... ಏನಂದ್ಕೊಂಡಿದ್ದೀಯ ನನ್ನನ್ನ?"

"ನಿನಗೋಸ್ಕರ ಅಲ್ಲ. ತಪ್ಪು ನಂದು, ಹೇಳ್ದೆ."

"ಫೋನು?"

"ನಿನ್ನ ಕಾಲು ಹಾಳು ಮಾಡಿದವಳು. ಯಾವ ಮುಖ ಇಟ್ಕೊಂಡು ಮಾತಾಡ್ಲಿ?"

ಅವನು ಹೆಗಲ ಮೇಲಿನ ಬ್ಯಾಗನ್ನು ಕೆಳಗಿಟ್ಟ. "ಎಲ್ಲ ಊರಿಂದಾನೂ ಒಂದು ಬ್ಯಾಗ್ ಎತ್ಕೊಂಡು ಹಿಂದೆ ನೋಡದೆ ಹೊರಟವನು ನಾನು. ಈ ಊರಿಂದ ಹಾಗೆ ಹೋಗಕ್ಕಾಗಲ್ಲ ರೆನಾಟಾ. ನಿನ್ನನ್ನ ಪ್ರೀತಿಸ್ತೀನಿ."

"ತಂಡದ ಕೆಲಸದವರು ಆಟಗಾರರ ಜೊತೆ ಸಂಬಂಧ ಇಟ್ಕೋಬಾರದು ಅಂತ ನಿಯಮ ಇದೆ."

"ನಿನ್ನನ್ನ ತೆಗೆದು ಹಾಕಿದ್ದಾರಲ್ಲ."

"ಅದಕ್ಕೆ ಖುಷಿನಾ ನಿನಗೆ?"

"ಸ್ವಲ್ಪ."

ಅವಳು ಅವನ ಎದೆಗೊಂದು ಗುದ್ದಿದಳು. ಗುದ್ದಿದ ಕೈ ಅಲ್ಲೇ ಉಳಿಯಿತು. ಅದರಡಿ ಅವನ ಎದೆ ಜೋರಾಗಿ ಬಡಿದುಕೊಳ್ಳುತ್ತಿತ್ತು.

"ನನಗೆ ಸಿಟ್ಟು ಇನ್ನೂ ಇಳಿದಿಲ್ಲ," ಎಂದಳು. "ನನಗೂ ನೀನು ಬೇಕು, ಅದೇ ಸಿಟ್ಟು. ಇನ್ಮೇಲೆ ನೋವಾದ್ರೆ ಬಾಯಿಬಿಟ್ಟು ಹೇಳ್ಬೇಕು ನೀನು."

"ಈಗ ನೋವಾಗ್ತಿದೆ. ನಿಲ್ಲಕ್ಕಾಗ್ತಿಲ್ಲ."

"ಹಾಗಾದ್ರೆ ಒರಗು."

ಆರೂವರೆ ಅಡಿಯ ಆಳು ಅವಳ ಹೆಗಲ ಮೇಲೆ ವಾಲಿದ.

"ಭಾರ ಆಯ್ತಾ?"

"ಆಯ್ತು," ಎಂದಳು ರೆನಾಟಾ. "ಇರ್ಲಿ."