ಅಂಚಿನ ಫೋನಿಗೆ ಸರದಿ

“ಸುಳ್ಳು ವರದಿ ಕಳಿಸೋಕೆ ನಾಚಿಕೆ ಆಗಲ್ವಾ ನಿಮಗೆ?”

ಆಸ್ಪತ್ರೆಯ ನೆಲಮಾಳಿಗೆಯ ವಾರ್ಡಿನ ಬಾಗಿಲಲ್ಲಿ ನಿಂತಿದ್ದವನು ಬೆಚ್ಚಿ ತಿರುಗಿದ. ಆರು ತಿಂಗಳಿಂದ ಹೆಡ್‌ಫೋನಿನಲ್ಲಿ ಕೇಳಿದ್ದ ದನಿ. ಮುಖ ಕಂಡದ್ದು ಇದೇ ಮೊದಲು!

ಅವನು ಊರೆಲ್ಲ ಸುತ್ತಿ ಹೊಸ ನೆಟ್‌ವರ್ಕ್ ಪರೀಕ್ಷಿಸುವವನು. ಅವನಿಗೆ ‘ಅಲೆಮಾರಿ’ ಎಂದು ಹೆಸರಿಟ್ಟವಳೂ ಈ ದನಿಯವಳೇ. ಇವಳು ಟವರು ಯಾವ ಫೋನಿಗೆ ಮೊದಲು ಡೇಟಾ ಕೊಡಬೇಕು ಎಂಬ ಸರದಿ ನಿಯಮ ಬರೆದ ಇಂಜಿನಿಯರ್. ಪ್ರತಿ ಫೋನೂ ತನಗೆ ಸಿಗ್ನಲ್ ಎಷ್ಟಿದೆ ಎಂದು ಕ್ಷಣಕ್ಷಣವೂ ವರದಿ ಕಳಿಸುತ್ತದೆ. ಸಿಗ್ನಲ್ ಚೆನ್ನಾಗಿದ್ದವರಿಗೆ ಮೊದಲ ಸರದಿ.

“ಸಿಗ್ನಲ್ ಮೂರು ಇರೋ ಕಡೆ ಹನ್ನೆರಡು ಅಂತ ಕಳಿಸಿದ್ದೀರ! ನಿಮ್ಮನ್ನ ಎಷ್ಟು ನಂಬಿದ್ದೆ...”

“ಮೇಡಂ, ಐದೇ ನಿಮಿಷ...”

“ಒಂದು ನಿಮಿಷನೂ ಇಲ್ಲ!”

ಕೋಪ ಬಂದರೆ ಅವಳಿಗೆ ಹಿಂದುಮುಂದು ಕಾಣದು. ಲ್ಯಾಪ್‌ಟಾಪಿನಲ್ಲಿ ಅವನ ಪರೀಕ್ಷೆಯ ಫೋನನ್ನು ಸರದಿಯಿಂದ ತೆಗೆದೇಬಿಟ್ಟಳು.

ಒಳಗಿನಿಂದ ಮುದಿ ದನಿ ಕೇಳಿತು. “ಮಗಾ... ಅಕ್ಕ ಹಾಗೇ ನಿಂತುಬಿಟ್ಲಲ್ಲೋ!”

ಹಾಸಿಗೆಯಲ್ಲಿ ಅವನ ಅಮ್ಮ. ಕೈಯಲ್ಲಿ ಪರೀಕ್ಷೆಯ ಫೋನ್. ಪರದೆಯಲ್ಲಿ ದೂರದೇಶದ ಮಗಳ ಮುಖ ಅಲ್ಲಾಡುತ್ತಿರಲಿಲ್ಲ.

“ನಿಮ್ಮ ನಿಯಮದಲ್ಲಿ ಈ ಮೂಲೆಗೆ ಸರದಿನೇ ಬರಲ್ಲ ಮೇಡಂ. ಎರಡು ಸಲ ಬರೆದಿದ್ದೆ.”

ಹೌದು, ಬರೆದಿದ್ದ. ಒಬ್ಬರಿಗೋಸ್ಕರ ಎಲ್ಲರನ್ನೂ ಕಾಯಿಸೋಕಾಗಲ್ಲ ಎಂದು ಇವಳೇ ಉತ್ತರಿಸಿದ್ದಳು. ಅಯ್ಯೋ, ನಾನೇನು ಮಾಡಿಬಿಟ್ಟೆ!

ಫೋನನ್ನು ಮತ್ತೆ ಸರದಿಗೆ ಸೇರಿಸಿದಳು. ಅದಕ್ಕೆ ಸಂಪರ್ಕ ಮರಳಲು ಹತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಅಮ್ಮನನ್ನು ಆಪರೇಷನ್ನಿಗೆ ಒಯ್ದಿದ್ದರು. ಆಕೆ ಮತ್ತೆ ಕಣ್ಣು ಬಿಡಲಿಲ್ಲ.

ಅವನು ಕೆಲಸಕ್ಕೆ ಬರಲಿಲ್ಲ. ಕರೆಗೂ ಸಿಗಲಿಲ್ಲ. ಇವಳು ಅಳುತ್ತಲೇ ನಿಯಮ ತಿದ್ದಿದಳು: ವರದಿಯನ್ನು ನೋಡು, ಯಾರು ಎಷ್ಟು ಹೊತ್ತಿನಿಂದ ಕಾಯುತ್ತಿದ್ದಾರೆ ಎಂಬುದನ್ನೂ ನೋಡು. ಮಿಂಚಿಹೋದ ಮೇಲೆ ಎಷ್ಟು ತಿದ್ದಿದರೇನು?

ಹದಿನೇಳನೆಯ ದಿನ ಮಧ್ಯಾಹ್ನ, ಫೋನ್ ವಾಪಸು ಕೊಡಲು ಅವನೇ ಇವಳ ಆಫೀಸಿಗೆ ಬಂದ. ಅರ್ಧ ಇಳಿದುಹೋಗಿದ್ದ.

“ಕ್ಷಮಿಸಿ ಅನ್ನೋಕೂ ನನಗೆ ಬಾಯಿಲ್ಲ...”

“ಅವತ್ತು ಅಮ್ಮ ಅಕ್ಕನಿಗೆ ಏನು ಹೇಳ್ತಿದ್ರು ಗೊತ್ತಾ? ‘ನಿನ್ನ ತಮ್ಮ ಒಂದು ಹುಡುಗಿ ದನಿ ಕೇಳ್ಕೊಂಡೇ...’ ಅಲ್ಲಿಗೇ ನಿಂತ್ಹೋಯ್ತು. ಅಕ್ಕ ದಿನಾ ಕೇಳ್ತಾಳೆ, ಆಮೇಲೇನು ಅಂತ.”

ಅವಳ ಎದೆ ಒಡೆದುಹೋಯಿತು.

“ನೀವೇನು ಹೇಳಿದ್ರಿ?”

“ಹೇಳೋಕಾಗಲಿಲ್ಲ. ನಿಮ್ಮ ಮೇಲೆ ಕೋಪ ಇದೆ. ಪ್ರೀತಿನೂ ಹೋಗ್ತಾ ಇಲ್ಲ. ಏನು ಮಾಡ್ಲಿ?”

“ಅಕ್ಕನಿಗೆ ಫೋನ್ ಮಾಡಿ. ಕೋಪದ ಕಾರಣ ನಾನೇ ಹೇಳ್ತೀನಿ... ಕರೆ ಕಡಿದವಳು ನಾನೇ ಅಂತ.”

“ಇನ್ನೊಂದು?”

“ಅದು ಅಮ್ಮನ ಮಾತಲ್ವಾ...” ಅವಳು ಕಣ್ಣೊರೆಸಿಕೊಂಡಳು. “ನೀವೇ ಮುಗಿಸಿ. ನಾನು ಪಕ್ಕದಲ್ಲೇ ಕೂತಿರ್ತೀನಿ.”