ಹಾಲಿನ ಮೊದಲ ಗುಟುಕು

"ನಾ ನಮ್ಮತ್ತೀಗೆ ವಿಷ ಹಾಕೀನಂತ್ರಿ, ಅಮ್ಮಾರೆ! ವರ್ಷದ ಕೂಸನ್ನ ಕಸ್ಗೊಂಡು ಹೊರಗ ಹಾಕಿ ತಿಂಗಳಾತು. ನಾಳಿ ಪೊಲೀಸರಿಗೂ ಹೇಳ್ತಾರಂತ."

ಕೊಡೇಕಲ್ಲಿನ ತವರಿನಿಂದ ಸುರಪುರದ ಮೇಲಿನ ಬಸ್ಸು ಹಿಡಿದು ಬಂದಿದ್ದ ಮಲ್ಲಿಕಮ್ಮ, ಶಹಾಪುರದ ದವಾಖಾನೆಯ ಬಾಗಿಲಲ್ಲೇ ಕುಸಿದಳು. ನರ್ಸ್ ಭಾಗಮ್ಮ ಅವಳನ್ನು ಎತ್ತಿ ಕೂರಿಸಿದಳು. ಡಾಕ್ಟರ್ ಗುಲ್ನಾಜ್ ಪೆನ್ನು ಕೆಳಗಿಟ್ಟರು. ಈ ಡಾಕ್ಟರಮ್ಮ ಪೆನ್ನು ಕೆಳಗಿಟ್ಟರೆಂದರೆ ಒಗಟು ಬಿಡಿಸುವವರೆಗೆ ತನಗೂ ಊಟವಿಲ್ಲವೆಂದು ಭಾಗಮ್ಮನಿಗೆ ಗೊತ್ತಿತ್ತು.

ಸಂಗತಿ ಇಷ್ಟು. ಸಗರದಲ್ಲಿರುವ ಅತ್ತೆ ಸುಂದ್ರಮ್ಮನಿಗೆ ಎಲುಬು ನೋವು, ಕಿಡ್ನಿಯಲ್ಲಿ ಕಲ್ಲು. ಯಾದಗಿರಿಯಲ್ಲಿ ನೋಡಿಸಿದರೆ ರಕ್ತದಲ್ಲಿ ಕ್ಯಾಲ್ಸಿಯಂ ವಿಪರೀತ. ಕುತ್ತಿಗೆಯೊಳಗಿನ ಪ್ಯಾರಾಥೈರಾಯ್ಡ್ ಗ್ರಂಥಿ ಕೆರಳಿದರೆ ಹೀಗಾಗುತ್ತದೆ. ಆಗ ಅದು ಸುರಿಸುವ ಪಿಟಿಎಚ್ ಹಾರ್ಮೋನೂ ಏರಿರಬೇಕು. ಆದರೆ ಅದು ತಳಕ್ಕಿಳಿದಿತ್ತು. ಹೊರಗಿನಿಂದ ಏನೋ ಹೊಟ್ಟೆ ಸೇರುತ್ತಿದೆ ಎಂದರು ಅಲ್ಲಿನ ಡಾಕ್ಟರು. ಮಗಳು ಸಪ್ನಾ ಅತ್ತಿಗೆಯ ಟ್ರಂಕು ಕೆದಕಿದಳು. ಬಾಣಂತನದಲ್ಲಿ ಉಳಿದಿದ್ದ ಕ್ಯಾಲ್ಸಿಯಂ, ಡಿ ವಿಟಮಿನ್ ಗುಳಿಗೆಗಳು ಸಿಕ್ಕವು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅಂದಿನಿಂದ ಮಲ್ಲಿಕಮ್ಮ ಅತ್ತೆಗೆ ಹಾಲು ಕೊಡುವಾಗಲೆಲ್ಲ ಮೊದಲ ಗುಟುಕನ್ನು ಅಂಗೈಗೆ ಸುರುವಿಕೊಂಡು ತಾನೇ ಕುಡಿದು ತೋರಿಸಬೇಕಾಯಿತು. ಕೊನೆಗೆ ಅದೂ ಸಾಲದೆ ಹೊರಗೆ ಹಾಕಿದರು.

ಅದೇ ಸಂಜೆ ಗುಲ್ನಾಜ್, ಭಾಗಮ್ಮ ಸಗರಕ್ಕೆ ಹೋದರು. ಸುಂದ್ರಮ್ಮ ಸೊರಗಿದ್ದಳು, ಜಡೆ ಮಾತ್ರ ಸೊಂಪಾಗಿತ್ತು.

"ಏನ್ ಛಂದ ಜಡಿರಿ ಅಮ್ಮಾ!" ಎಂದಳು ಭಾಗಮ್ಮ.

"ಉದರಾಕತ್ತಿತ್ತವ್ವ. ಸಪ್ನಾ ಗುಳಿಗಿ ತಂದು ದಿನಾ ತಾನೇ ನುಂಗಸ್ತಾಳ."

ಗುಲ್ನಾಜ್ ಆ ಗುಳಿಗೆಯ ಡಬ್ಬಿ ಓದಿ ಚೀಲಕ್ಕೆ ಹಾಕಿಕೊಂಡರು. "ಇವು ಬಂದ್. ನಾಕ್ ದಿನ ಬಿಟ್ಟು ಮತ್ತ ರಕ್ತ ತಗೋತೀನಿ. ಅಲ್ಲೀತನಕ ಪೊಲೀಸ್ ಗಿಲೀಸ್ ಬ್ಯಾಡ."

"ಇದರಾಗ ವಿಷ ಐತೇನ್ರಿ?" ಎಂದು ಹೊರಗೆ ಬಂದ ಮೇಲೆ ಭಾಗಮ್ಮ ಪಿಸುಗುಟ್ಟಿದಳು.

"ಇಲ್ಲ. ಅದಕ್ಕೇ ಯಾರಿಗೂ ಸಂಶಯ ಬಂದಿಲ್ಲ."

ರಿಪೋರ್ಟ್ ಬಂದ ದಿನ ಗುಲ್ನಾಜ್ ಮಲ್ಲಿಕಮ್ಮನನ್ನೂ ಕರೆದುಕೊಂಡು ಸಗರದ ಮನೆಯ ಪಡಸಾಲೆಯಲ್ಲಿ ಎಲ್ಲರನ್ನೂ ಕೂರಿಸಿದರು.

"ಮಲ್ಲಿಕಮ್ಮ ಹೋಗಿ ತಿಂಗಳಾದ್ರೂ ಕ್ಯಾಲ್ಸಿಯಂ ಇಳಿದಿಲ್ಲ. ಆಕಿ ಗುಳಿಗಿ ಹಾಕಿದ್ರ ಡಿ ವಿಟಮಿನ್ ಏರಬೇಕಿತ್ತು. ಅದು ಕಡಿಮಿನೇ ಐತಿ. ಅಂದಮ್ಯಾಲೆ ಸುಳ್ಳು ಹೇಳಿದ್ದು ಸೊಸಿ ಅಲ್ಲ, ಮೊದಲಿನ ಪಿಟಿಎಚ್ ರಿಪೋರ್ಟ್."

"ರಿಪೋರ್ಟ್ ಹ್ಯಾಂಗ್ ಸುಳ್ಳು ಹೇಳ್ತದರಿ?" ಸಪ್ನಾ ಸಿಡುಕಿದಳು.

"ನಿನ್ನ ಕೂದಲ ಗುಳಿಗ್ಯಾಗ ಬಯೋಟಿನ್ ಅನ್ನೋ ವಿಟಮಿನ್ ಐತಿ. ಯಾದಗಿರಿಯ ರಕ್ತ ನೋಡೋ ಮಷೀನು ಪಿಟಿಎಚ್ ಹಿಡಿಯಾಕ ಅದೇ ಬಯೋಟಿನ್ನನ್ನ ಕೊಂಡಿ ಮಾಡ್ಕೊಂತದ. ರಕ್ತದಾಗ ಅದು ಮೊದಲೇ ತುಂಬಿದ್ರ ಕೊಂಡಿ ಬೀಳಂಗಿಲ್ಲ, ಇದ್ದ ಹಾರ್ಮೋನ್ ಇಲ್ಲಂತ ತೋರಿಸ್ತದ. ಗುಳಿಗಿ ಬಿಡಿಸಿ ಅದೇ ಮಷೀನಿನ್ಯಾಗ ನೋಡಿಸಿದೆ. ಪಿಟಿಎಚ್ ಬಾಳ ಏರೇದ. ಗ್ರಂಥೀನೇ ಕೆಟ್ಟದ. ಆಪರೇಷನ್ ಮಾಡಿದ್ರ ಅವ್ವ ಆರಾಮಾಗ್ತಾಳ."

"ಅವ್ವನ ಮ್ಯಾಲಿನ ಪ್ರೀತಿಲೆ ಕೊಟ್ಟಿದ್ದೆರಿ..." ಸಪ್ನಾಳ ದನಿ ಒಡೆಯಿತು.

"ಅದಕ್ಕ ಯಾರೂ ಬೈಯಂಗಿಲ್ಲವ್ವ. ಆದ್ರ ಅತ್ತಿಗಿ ಟ್ರಂಕ್ ಕೆದಕಿದಾಕಿ ನಿನ್ನ ಡಬ್ಬಿನೂ ಡಾಕ್ಟರಿಗೆ ತೋರಿಸಬೇಕಿತ್ತು."

ಭಾಗಮ್ಮನಿಗೆ ಸಂಕಟವಾಯಿತು. ಹಿಡಿದು ಉಗಿಯಲು ಒಬ್ಬ ಖದೀಮನೂ ಇಲ್ಲದ ಇಂಥ ಪತ್ತೇದಾರಿಯಿಂದ ಯಾರಿಗೆ ಸಮಾಧಾನ? ಮಲ್ಲಿಕಮ್ಮನ ಗಂಡ ಪ್ರವೀಣಕುಮಾರ ತಲೆ ತಗ್ಗಿಸಿಕೊಂಡೇ ಕೂಸನ್ನು ತಂದು ಅವಳ ಮಡಿಲಿಗೆ ಹಾಕಿದ. ಕೂಸು ಹೊಸಬರನ್ನು ಕಂಡ ಹಾಗೆ ಅತ್ತು ಸಪ್ನಾಳ ಕಡೆ ಕೈ ಚಾಚಿತು.

ಸುಂದ್ರಮ್ಮ ಕಣ್ಣೊರೆಸಿಕೊಂಡಳು. "ಮಲ್ಲವ್ವ, ನಿನ್ನ ಕೈಲೆ ಒಂದ್ ಲೋಟ ಹಾಲು ಕೊಡು, ನನ್ನವ್ವ."

ಮಲ್ಲಿಕಮ್ಮ ಕೂಸನ್ನು ಸಪ್ನಾಳಿಗೆ ಕೊಟ್ಟು ಒಳಗೆ ಹೋಗಿ ಹಾಲು ಕಾಸಿ ತಂದಳು. ಅತ್ತೆಯ ಮುಂದೆ ನಿಂತು, ಯಾರೂ ಹೇಳದಿದ್ದರೂ, ಮೊದಲ ಗುಟುಕನ್ನು ಅಂಗೈಗೆ ಸುರುವಿಕೊಂಡು ಕುಡಿದಳು. ಆಮೇಲೆ ಲೋಟ ಮುಂದೆ ಹಿಡಿದಳು.

ಸುಂದ್ರಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಳು. ಹಾಲು ಆರಿ ಕೆನೆ ಕಟ್ಟಿತು.