ಎರಡು ಎಲೆ, ಒಂದು ಅಡಿಕೆ

"ಸಿಸ್ಟರ್... ಸುಟ್ಟಿದ್ದು ನನ್ನ ಕೈ. ನಡುಗ್ತಾ ಇರದು ಮಾತ್ರ ನಿಮ್ಮ ಕೈ!"

ಮಧುರಾ ಬೆಚ್ಚಿ ತಲೆ ಎತ್ತಿದಳು.

ಶಿರಸಿಯ ಆ ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯಲ್ಲಿ, ಸ್ಟೂಲಿನ ಮೇಲೆ ಕೂತಿದ್ದವನು ಬೆಂದುಹೋದ ಬಲಗೈಯನ್ನು ಅವಳ ಮುಂದೆ ಚಾಚಿಕೊಂಡು ನಗುತ್ತಿದ್ದ. ಮದುವೆಮನೆಯಲ್ಲಿ ಕುದಿಯುವ ಬೆಲ್ಲದ ಪಾಕವನ್ನು ಕೈಮೇಲೆ ಚೆಲ್ಲಿಕೊಂಡು ಬಂದವನು. ಹೆಸರು ನಂದನ ಹೆಗಡೆ, ಊರು ಮಂಚಿಕೇರಿ, ಕೆಲಸ ಅಡುಗೆ. ಉಟ್ಟ ಪಂಚೆಯೂ ಬೆಲ್ಲದ ವಾಸನೆ ಹೊಡೆಯುತ್ತಿತ್ತು.

"ನೋವಾಗ್ತಾ ಇಲ್ಯಾ?" ಎಂದಳು.

"ಆಗ್ತು. ಅತ್ರೆ ಪಾಕ ವಾಪಸ್ ಪಾತ್ರೆಗೆ ಹೋಗ್ತಾ?"

ನಗಬಾರದಿತ್ತು. ಆದರೂ ನಕ್ಕುಬಿಟ್ಟಳು! ಎಷ್ಟು ತಿಂಗಳಾಗಿತ್ತೋ ಹಾಗೆ ನಕ್ಕು...

ಅವತ್ತು ಬೆಳಗ್ಗೆಯಷ್ಟೇ ಕೋರ್ಟಿನಲ್ಲಿ ವಿಚ್ಛೇದನದ ಕಾಗದಕ್ಕೆ ಸಹಿ ಹಾಕಿ, ಅಲ್ಲಿಂದ ಸೀದಾ ಡ್ಯೂಟಿಗೆ ಬಂದಿದ್ದಳು ಅವಳು. ಮೊದಲ ಗಂಡ ಮಸ್ಕತ್ತಿಗೆ ಹೋದವನು. "ಆರು ತಿಂಗಳು ತಡಿ, ನಿಂಗಳನ್ನೂ ಕರೆಸ್ಕತ್ತೆ" ಎಂದಿದ್ದ. ಮೊದಮೊದಲು ದಿನಾ ಫೋನು. ಆಮೇಲೆ ವಾರಕ್ಕೊಂದು. ಆಮೇಲೆ ಇವಳೇ ಮಾಡಬೇಕು, ಆ ಕಡೆ ರಿಂಗ್ ಆಗುತ್ತಲೇ ಇರಬೇಕು. "ನಂಗಳನ್ನ ಯಾವಾಗ ಕರ್ಕಂಡು ಹೋಗ್ತ್ರಿ?" ಎಂದು ಅವಳು ಕೇಳದ ದಿನವಿರಲಿಲ್ಲ. ಕೊನೆಗೆ ಬಂದದ್ದು ವಕೀಲರ ನೋಟಿಸು!

ಇನ್ನು ಜನ್ಮದಲ್ಲಿ ಯಾರನ್ನೂ ಏನನ್ನೂ ಬೇಡಿ ಕೇಳುವುದಿಲ್ಲ ಎಂದು ಅವಳು ಅವತ್ತೇ ಗಟ್ಟಿ ಮಾಡಿಕೊಂಡಳು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದಿನ ರಾಮಾಯಣವೆಲ್ಲ ಇದರಿಂದಲೇ ಆದದ್ದು.

ನಂದನನ ಕೈ ಹದಿನೈದು ದಿನದಲ್ಲಿ ಮಾಯಿತು. ಆದರೂ ಪುಣ್ಯಾತ್ಮ ಡ್ರೆಸ್ಸಿಂಗಿಗೆ ಬರುತ್ತಲೇ ಇದ್ದ! ಡಾಕ್ಟರು ಗದರಿಸಿ ಕಳಿಸಿದ ಮೇಲೆ, ಒಂದು ಭಾನುವಾರ ಮಧುರಾಳ ತವರುಮನೆಗೇ ಬಂದ. ಕೈಯಲ್ಲಿ ಹರಿವಾಣ, ಅದರಲ್ಲಿ ಎರಡು ವೀಳ್ಯದೆಲೆ, ಒಂದು ಅಡಿಕೆ. ಜೊತೆಗೆ ಅವನಿಗೆ ಸೌಟು ಹಿಡಿಯಲು ಕಲಿಸಿದ ಸೀತಾರಾಮ ಭಟ್ಟರು.

"ನಂಗ ಅಡುಗೆಯವು. ಮನೆಯವು ಎಲೆ-ಅಡಿಕೆ ಹಿಡ್ಕಂಡು ಬಂದು, ಬಾಯಿಬಿಟ್ಟು ಕರೆದ್ರೆ ಮಾತ್ರ ಹೋಪದು. ಅದೇ ಹೇಳಿಕೆ. ಹೇಳಿಕೆ ಇಲ್ದೆ ರಾಜನ ಅಡುಗೆಮನೆ ಆದ್ರೂ ಕಾಲಿಡ್ತಿಲ್ಲೆ," ಎಂದರು ಭಟ್ಟರು.

ನಂದನನ ಕಿವಿ ಕೆಂಪಾಗಿತ್ತು. "ನಂಗೆ ಬೇರೆ ನಮೂನೆ ಕೇಳಲೆ ಬತ್ತಿಲ್ಲೆ. ನಮ್ಮನೆಗೆ ಬತ್ರಾ?"

ಅಷ್ಟು ಕೇಳಿ ಸುಮ್ಮನಾಗಲಿಲ್ಲ. ಅವಳ ಸೆರಗಿನ ಹಿಂದೆ ನಿಂತಿದ್ದ ನಾಲ್ಕು ವರ್ಷದ ಮಗಳು ಸಮೃದ್ಧಿಯ ಮುಂದೆ ಮಂಡಿಯೂರಿ, ಅವಳಿಗೂ ಒಂದು ಪುಟ್ಟ ಎಲೆ ಕೊಟ್ಟ. "ನಿನ್ನನ್ನೂ ಕೇಳಕಾಗ್ತು. ಬತ್ಯಾ ಕೂಸೆ?"

ಕೂಸು ಎಲೆಯನ್ನು ಫ್ರಾಕಿನ ಕಿಸೆಗೆ ಹಾಕಿಕೊಂಡು, "ಬತ್ತೆ" ಎಂದಿತು. ಮಧುರಾ ಅಳುತ್ತಲೇ ಹೂಂ ಎಂದಳು.

ಮದುವೆಯೂ ಆಯಿತು. ಅದಾಗಿ ಮೂರು ವರ್ಷ.

ಈಗ ಶಿರಸಿಯ ಯಲ್ಲಾಪುರ ನಾಕೆಯ ಹತ್ತಿರದ ಬಾಡಿಗೆ ಮನೆಯಲ್ಲಿ ಮೂರು ಸೂಟ್‌ಕೇಸು ಬಾಯಿ ತೆರೆದುಕೊಂಡು ಬಿದ್ದಿದ್ದವು. ಐರ್ಲೆಂಡಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ನರ್ಸಿಂಗ್ ಹೋಮಿನಲ್ಲಿ ಮಧುರಾಳಿಗೆ ಕೆಲಸ ಸಿಕ್ಕಿತ್ತು. ಮೂವರಿಗೂ ವೀಸಾ ಬಂದಿತ್ತು. ಹೊರಡಲು ಇನ್ನು ಹನ್ನೆರಡೇ ದಿನ!

ಆದರೆ ಎದೆಯಲ್ಲಿ ಸಂತೋಷದ ಸುಳಿವಿಲ್ಲ. ಬರೀ ಹೆದರಿಕೆ...

ಗುರುತಿನವರು ಒಬ್ಬರಿಲ್ಲದ ಊರು. ನೈಟ್ ಡ್ಯೂಟಿ ಬಿದ್ದರೆ ಸಮೃದ್ಧಿಯನ್ನು ಯಾರ ಪಕ್ಕ ಮಲಗಿಸುವುದು? ಚಳಿಗೆ ಕೂಸಿಗೆ ಜ್ವರ ಬಂದರೆ? ಇಂಗ್ಲಿಷ್ ಅಷ್ಟಕ್ಕಷ್ಟೇ ಆದ ನಂದನನಿಗೆ ಅಲ್ಲಿ ಕೆಲಸ ಸಿಗದಿದ್ದರೆ? ಇವೆಲ್ಲಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮೂರನೆಯ ಸೂಟ್‌ಕೇಸು ನಂದನನದು. ಅದಿನ್ನೂ ಖಾಲಿ.

ಅವನು ತಿಂಗಳಿನಿಂದ ಮಾತು ಕಡಿಮೆ ಮಾಡಿದ್ದ. ಕೇಳಿದ್ದಕ್ಕೆ ಹೂಂ, ಉಹೂಂ. ಗೋಡೆಯ ಮೊಳೆಗೆ ತೂಗುಹಾಕಿದ ಅವನ ಕಂಚಿನ ಸೌಟು ಅಲ್ಲೇ ಇತ್ತು. ಅದನ್ನು ಬಿಟ್ಟು ಅವನು ಯಾವ ಊರಿಗೂ ಹೋದವನಲ್ಲ.

'ಅವರು ಬತ್ತ್ವಿಲ್ಯಾ?' ಎಂದು ಮನಸ್ಸು ಕೇಳುತ್ತಿತ್ತು. ಬಾಯಿ ಮಾತ್ರ, "ಸ್ವೆಟರ್ ತಗಳಕು" ಎನ್ನುತ್ತಿತ್ತು.

ಮಧ್ಯಾಹ್ನ ಮೂರೂವರೆಗೆ ಅವಳ ಫೋನಿಗೆ ವಿಡಿಯೋ ಕಾಲ್ ಬಂತು. ಮಧುರಾ ಓಡಿಬಂದು ನಂದನನ ಮುಂದೆ ಹಿಡಿದಳು.

"ಬೇಗ ಬನ್ನಿ! ನಾ ಕೆಲಸಕ್ಕೆ ಸೇರೋ ನರ್ಸಿಂಗ್ ಹೋಮಿನ ಅಡುಗೆಮನೆಯವು. ಅಲ್ಲಿ ಒಂದು ಕೆಲಸ ಖಾಲಿ ಇತ್ತು, ನಿಮ್ಮ ಹೆಸರು ಕೊಟ್ಟಿದ್ದೆ. ಎರಡು ಮಾತಾಡಿ, ಆನು ಪಕ್ಕದಲ್ಲೇ ಇರ್ತೆ..."

ನಂದನ ಫೋನು ಮುಟ್ಟಲಿಲ್ಲ. "ಆನು ಕೇಳಿದ್ನಾ?"

"ಇಲ್ಲೆ... ಆದ್ರೆ..."

"ಪಾಸ್‌ಪೋರ್ಟ್ ತಗಂಡೆ ನೀನು, ಕೊಟ್ಟೆ ಆನು. ಸಹಿ ಹಾಕಿ ಅಂದೆ, ಹಾಕಿದೆ. ಆ ಫಾರ್ಮಿನಲ್ಲಿ ನನ್ನ ಹೆಸರಿನ ಎದುರು ಎಂತ ಬರದಿದ್ದು ಹೇಳಿ ಏಜೆನ್ಸಿಯವನ ಕೇಳಿದೆ. ಅವಲಂಬಿತ ಅಂದ. ಅದಕ್ಕೂ ಸುಮ್ನಿದ್ದೆ." ಅವನ ದನಿ ಏರಲಿಲ್ಲ, ಅದಕ್ಕೇ ಅವಳಿಗೆ ಇನ್ನಷ್ಟು ದಿಗಿಲಾಯಿತು. "ಈಗ ನನ್ನ ಅಡುಗೆನೂ ನೀನೇ ಒಪ್ಪಿ ಬಂದ್ಯಾ?"

ಫೋನು ರಿಂಗಾಗಿ ರಿಂಗಾಗಿ ನಿಂತಿತು. ನಂದನ ಮೊಳೆಯಿಂದ ಸೌಟು ತೆಗೆದು ಟವೆಲಿನಲ್ಲಿ ಸುತ್ತಿಕೊಂಡ. ತ್ಯಾಗಲಿಯಲ್ಲಿ ಮರುದಿನದ ಮದುವೆಗೆ ಅಡುಗೆಯಿತ್ತು. ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ.

'ನಾಳೆ ಇದೇ ಹೊತ್ತಿಗೆ ಮಾಡುತ್ತೇವೆ' ಎಂದು ಆ ಕಡೆಯಿಂದ ಮೆಸೇಜು ಬಂತು. ಅದನ್ನು ಓದುವಾಗ ಮಧುರಾಳ ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲೆ ಬಿತ್ತು. ಮುಂದಿನ ತಿಂಗಳ ಪುಟ ತಿರುವಿದಳು. ಪೆನ್ಸಿಲಿನಲ್ಲಿ ನಂದನನ ದುಂಡು ಅಕ್ಷರ.

'ನಿಲ್ಕುಂದ, ಮದುವೆ. ಮಂಚಿಕೇರಿ, ಉಪನಯನ.'

ಅಯ್ಯೋ ದೇವರೇ! ವಿಮಾನ ಹತ್ತಬೇಕಾದ ದಿನ ಕಳೆದು ಮೂರು ವಾರದ ನಂತರದ ತಾರೀಕುಗಳು!

ಅಲ್ಲೇ ನಿಂತು ಅವನ ನಂಬರ್ ಒತ್ತಿದಳು. ರಿಂಗ್ ಆಯಿತು. ಆಗುತ್ತಲೇ ಇತ್ತು... ಒಲೆಯ ಮುಂದೆ ಅವನು ಫೋನು ಇಟ್ಟುಕೊಳ್ಳುವುದಿಲ್ಲ, ಅದು ಅವಳಿಗೆ ಗೊತ್ತು. ಆದರೂ ಮತ್ತೆ ಒತ್ತಿದಳು, ಮತ್ತೆ. ಅದೇ ಸದ್ದು. ಮಸ್ಕತ್ತಿನ ಆ ಸದ್ದು!

ಶಾಲೆಯಿಂದ ಬಂದ ಸಮೃದ್ಧಿ ತಾಯಿಯ ಮುಖ ನೋಡಿ ಬ್ಯಾಗು ಇಳಿಸುವುದನ್ನೂ ಮರೆತಳು.

"ಆಯೀ... ಅಪ್ಪನೂ ಫೋನ್ ಎತ್ತದೇ ಇಪ್ಪ ಊರಿಗೆ ಹೋದ್ನಾ?"

ಮಧುರಾ ಮಗಳನ್ನು ಎಳೆದು ಅಪ್ಪಿಕೊಂಡಳು.

ಮರುದಿನ ತಿಂಡಿ ಹೊತ್ತಿಗೇ ಸ್ಕೂಟಿ ಹತ್ತಿ, ಮಗಳನ್ನು ಹಿಂದೆ ಕೂರಿಸಿಕೊಂಡು ತ್ಯಾಗಲಿಗೆ ಹೊರಟಳು. ಪ್ರತಿ ತಿರುವಿನಲ್ಲೂ ಒಂದೇ ಯೋಚನೆ. ಬರುವುದಿಲ್ಲ ಎಂದರೆ? ಕೂಸನ್ನು ಕಟ್ಟಿಕೊಂಡು ಒಬ್ಬಳೇ ಹೋಗುವುದೇ? ಸಿಕ್ಕ ಕೆಲಸ ಬಿಟ್ಟು ಇಲ್ಲೇ ಇರುವುದೇ? ಅವನಿಲ್ಲದೆ ಅಲ್ಲಿ ಮನೆ ಬಾಗಿಲು ತೆಗೆಯುವ ಧೈರ್ಯ ಅವಳಿಗಿರಲಿಲ್ಲ. ಅದನ್ನು ಒಪ್ಪಿಕೊಳ್ಳಲು ಇನ್ನೂ ಹೆದರಿಕೆ!

ಮದುವೆಮನೆಯ ಚಪ್ಪರದ ಹಿಂದೆ ಸೀತಾರಾಮ ಭಟ್ಟರು ಈಳಿಗೆಮಣೆಯ ಮೇಲೆ ಕೂತು ಸೌತೆಕಾಯಿ ಹೆಚ್ಚುತ್ತಿದ್ದರು. ಇವಳ ಮುಖ ನೋಡಿದ್ದೇ ಕೈ ನಿಲ್ಲಿಸಿದರು.

"ಎಂತ ಆತು ತಂಗಿ?"

"ಭಟ್ರೇ, ಅವರು ಬತ್ತ್ವಿಲ್ಲೆ! ಟಿಕೆಟ್ ಆಜು, ವೀಸಾ ಆಜು... ಅವರು ನೋಡಿದ್ರೆ ಮುಂದಿನ ತಿಂಗಳ ಅಡುಗೆ ಒಪ್ಪಿಕೊಂಡು ಕೂತಿದ್ದ!"

"ಹೌದು, ಒಪ್ಪಿದ್ದ. ಆ ಮನೆಯವು ಬಂದು ಎಲೆ-ಅಡಿಕೆ ಕೊಟ್ಟು ಕರೆದ." ಭಟ್ಟರು ಕೈ ಒರೆಸಿಕೊಂಡರು. "ನೀನು ಕರೆದ್ಯಾ?"

"ಎಲ್ಲಾ ಕಾಗದ ನಾನೇ ಮಾಡಿದ್ದು..."

"ಕಾಗದ ಒಲೆಗೆ ಹಾಕು! ನಂಗಳ ಜೊತೆ ಬನ್ನಿ ಹೇಳಿ ಬಾಯಿಬಿಟ್ಟು ಕೇಳಿದ್ಯಾ? ಅವ ಇಲ್ಲಿ ಬಂದು ಎಂತ ಹೇಳ್ತ ಗೊತ್ತಿದ್ದಾ? 'ಭಟ್ರೇ, ಕೂಸಿನ ಕಾಗದಕ್ಕೆ ಅಪ್ಪನ ಹೆಸರು ಬೇಕಾಗಿತ್ತು, ಅದಕ್ಕೆ ನನ್ನ ಹೆಸರು ಹಾಕಿದ್ದು' ಹೇಳ್ತ."

ಫೋಟೋ ತೆಗೆಸಿ. ಸಹಿ ಹಾಕಿ. ಇಂಜೆಕ್ಷನ್ ಹಾಕಿಸಿಕೊಳ್ಳಿ... ಆರು ತಿಂಗಳಲ್ಲಿ ಮಧುರಾ ಎಷ್ಟು ಮಾತಾಡಿದ್ದಳು! 'ಬತ್ರಾ?' ಎಂಬ ಒಂದೇ ಒಂದು ಮಾತು ಆಡಿರಲಿಲ್ಲ. ಯಾಕೆ? ಕೇಳಿದರೆ ಇಲ್ಲ ಎಂದುಬಿಟ್ಟಾರು ಎಂಬ ಹೆದರಿಕೆಗೆ. ಕೇಳದೇ ಹೋದರೆ ಇಲ್ಲ ಎನ್ನುವುದಕ್ಕೂ ಆಗುವುದಿಲ್ಲವಲ್ಲ ಎಂಬ ಹುಚ್ಚು ಲೆಕ್ಕಾಚಾರಕ್ಕೆ! ಮಸ್ಕತ್ತಿನವನು ಮಾಡಿದ ಗಾಯಕ್ಕೆ ಮಂಚಿಕೇರಿಯವನಿಗೆ ಶಿಕ್ಷೆ ಕೊಟ್ಟಿದ್ದಳು.

ಜಗಲಿಯ ಮೇಲೆ ಬಂದವರಿಗೆಂದು ಎಲೆ-ಅಡಿಕೆಯ ಕವಳದ ಹರಿವಾಣ ಇಟ್ಟಿದ್ದರು. ಮನೆಯ ಯಜಮಾನಿತಿಯನ್ನು ಕೇಳಿ ಎರಡು ಎಲೆ, ಒಂದು ಅಡಿಕೆ ತೆಗೆದುಕೊಂಡಳು. ಒಂದು ತಟ್ಟೆಯಲ್ಲಿಟ್ಟುಕೊಂಡು ಒಲೆಗಳ ಸಾಲಿನತ್ತ ನಡೆದಳು. ಸಮೃದ್ಧಿ ಅವಳ ಚೂಡಿದಾರದ ತುದಿ ಹಿಡಿದುಕೊಂಡು ಹಿಂದೆಯೇ ಬಂದಳು.

ನಂದನ ಬೆಲ್ಲದ ಪಾಕ ತಿರುವುತ್ತಿದ್ದ. ಬಲಗೈಯ ಹಳೆಯ ಸುಟ್ಟಕಲೆ ಬೆವರಿಗೆ ಹೊಳೆಯುತ್ತಿತ್ತು.

"ಇಲ್ಲೆಂತಕ್ಕೆ ಬಂದೆ? ಕೂಸು ಹುಷಾರಿದ್ದಾ?" ಎಂದ ಗಾಬರಿಯಿಂದ.

ಮಧುರಾ ತಟ್ಟೆ ಮುಂದೆ ಚಾಚಿದಳು. ಅಡಿಕೆ ತಟ್ಟೆಯಲ್ಲಿ ಟಕಟಕ ಸದ್ದು ಮಾಡುತ್ತಿತ್ತು, ಕೈ ಅಷ್ಟು ನಡುಗುತ್ತಿತ್ತು.

"ಆನು... ಹೇಳಿಕೆ ಕೊಡಲೆ ಬಂದೆ."

ನಂದನನ ಸೌಟು ನಿಂತಿತು.

"ನಂಗೆ ಹೆದರಿಕೆ ಆಗ್ತು. ಅಲ್ಲಿ ನಿಮಗೆ ಕೆಲಸ ಸಿಗ್ತಾ ಇಲ್ಯಾ, ನಂಗೆ ಗೊತ್ತಿಲ್ಲೆ. ನೀವು ನನ್ನ ಅವಲಂಬಿತ ಅಲ್ಲ. ನಿಮ್ಮನ್ನ ಅವಲಂಬಿಸಿದವಳು ನಾನು!" ಕಣ್ಣೀರು ಧಾರೆಯಾಗಿ ಇಳಿಯುತ್ತಿದ್ದರೂ ಅವಳು ನಿಲ್ಲಿಸಲಿಲ್ಲ. "ಕೇಳಿದ್ರೆ ಬತ್ನಿಲ್ಲೆ ಅಂಬ್ರಿ ಹೇಳಿ ಹೆದರಿ ಕೇಳಿದ್ದಿಲ್ಲೆ. ತಪ್ಪಾತು. ಈಗ ಕೇಳ್ತಾ ಇದ್ದೆ. ನಂಗಳ ಜೊತೆ ಬತ್ರಾ?"

ನಂದನ ಸೌಟನ್ನು ಪಾತ್ರೆಯ ಅಂಚಿಗೆ ಒರಗಿಸಿಟ್ಟ.

"ನಂಗೂ ಹೆದರಿಕೆ ಇದ್ದು ಮಾರಾಯ್ತಿ," ಎಂದ ಕೊನೆಗೆ, ಸಣ್ಣ ದನಿಯಲ್ಲಿ. "ಇಲ್ಲಿ ಸಾವಿರ ಜನಕ್ಕೆ ಬಡಿಸ್ತೆ. ಅಲ್ಲಿ ಉಪ್ಪು ಎಲ್ಲಿದ್ದು ಹೇಳಿ ಕೇಳಲೂ ಬತ್ತಿಲ್ಲೆ. ನಿಂಗೆ ಭಾರ ಆಗ್ತನೇನ ಹೇಳಿ..."

"ಕೇಳಲೆ ಆನು ಇದ್ನಲಾ!"

"ನಾನೂ ಇದ್ದೆ ಅಪ್ಪಾ! ನಂಗೆ ಇಂಗ್ಲಿಷ್ ಬತ್ತು! ಉಪ್ಪಿಗೆ ಸಾಲ್ಟು!" ಎಂದು ಸಮೃದ್ಧಿ ನಡುವೆ ನುಗ್ಗಿದಳು.

ಅಡುಗೆಯವರೆಲ್ಲ ಗೊಳ್ಳೆಂದು ನಕ್ಕರು. ನಂದನ ಎರಡೂ ಕೈ ಪಂಚೆಗೆ ಒರೆಸಿಕೊಂಡು, ಬಾಗಿ, ಎಲೆ-ಅಡಿಕೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ.

ಮರುಕ್ಷಣವೇ ಅವನ ಮುಖ ಬಾಡಿತು. "ನಿಲ್ಕುಂದದವಕ್ಕೆ, ಮಂಚಿಕೇರಿಯವಕ್ಕೆ ಮಾತು ಕೊಟ್ಟಿದ್ನಲಾ?"

"ಆ ಮನೆಗಳಿಗೆ ಆನೇ ಹೋಗಿ ಹೇಳಿ, ಆನೇ ಬಡಿಸಿ ಬತ್ತೆ. ನೀ ಪಾಕ ನೋಡ್ಕ ಮಾಣಿ, ತಳ ಹಿಡೀತು!" ಎಂದು ಭಟ್ಟರು ಹಿಂದಿನಿಂದ ಕೂಗಿದರು.

ಮೂರೂವರೆಗೆ ಸರಿಯಾಗಿ ಫೋನು ಬಂತು. ಚಪ್ಪರದ ಹಿಂದೆ, ತೊಳೆದಿಟ್ಟ ಹಂಡೆಗಳ ನಡುವೆ ಮೂವರೂ ಕೂತರು. ಪರದೆಯ ಮೇಲಿದ್ದ ಬಿಳಿಗೂದಲಿನ ಹೆಂಗಸು, ಹಲ್ಲಿಲ್ಲದ ಅಜ್ಜಿಯೊಬ್ಬಳು ಊಟವೇ ಬೇಡ ಎಂದು ಹಟ ಹಿಡಿದರೆ ಏನು ಮಾಡಿಕೊಡುತ್ತೀರಿ ಎಂದು ಕೇಳಿದಳು. ಮಧುರಾ ಕನ್ನಡದಲ್ಲಿ ಹೇಳಿದಳು.

ನಂದನ ಯೋಚಿಸಲೇ ಇಲ್ಲ. "ಆ ಅಜ್ಜಿ ಸಣ್ಣಕ್ಕಿದ್ದಾಗ ಅದರ ಆಯಿ ಎಂತ ಮಾಡಿಕೊಡ್ತಿತ್ತು, ಮೊದಲು ಅದನ್ನ ಕೇಳ್ತೆ. ಅದನ್ನೇ ಮೆತ್ತಗೆ ಮಾಡ್ತೆ."

ಮಧುರಾ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಆ ಹೆಂಗಸು ಅದನ್ನು ಒಂದು ಕಾಗದದಲ್ಲಿ ಬರೆದುಕೊಂಡಳು. ಆಮೇಲೆ, ಕೆಲಸ ಈಗಲೇ ಖಾತ್ರಿ ಎಂದು ಹೇಳಲಾರೆ, ಆದರೆ ಬಂದ ವಾರವೇ ಅಡುಗೆಮನೆಗೆ ಬನ್ನಿ, ಒಂದು ದಿನ ಜೊತೆಗೆ ಅಡುಗೆ ಮಾಡೋಣ, ಬನ್ನಿ ಎಂದಳು.

"ಬನ್ನಿ ಅಂದ್ಳಾ?" ಎಂದ ನಂದನ.

"ಎರಡು ಸಲ."

"ಹಂಗಾದ್ರೆ ಹೇಳಿಕೆ ಆತು."

ಸಂಜೆ ಸ್ಕೂಟಿ ಹತ್ತುವ ಮೊದಲು ಅವನು ಟವೆಲಿನಲ್ಲಿ ಸುತ್ತಿದ ಸೌಟನ್ನು ಅವಳ ಕೈಗಿಟ್ಟ. "ಆ ಖಾಲಿ ಸೂಟ್‌ಕೇಸಿಗೆ ಹಾಕು."

ಅವಳು ಅದನ್ನು ಎದೆಗೊತ್ತಿಕೊಂಡಳು. "ಇನ್ನು ಫೋನ್ ಎತ್ತದೇ ಇರಡಿ. ನಂಗೆ ಆ ಸದ್ದು ಕೇಳಿದ್ರೆ ಜೀವ ಹೋಗ್ತು."

"ಒಲೆ ಮುಂದೆ ಇದ್ರೂ ಎತ್ತತೆ. ಪಾಕ ಹಾಳಾದ್ರೆ ಆಗ್ಲಿ." ಅವನು ಅವಳ ಕಣ್ಣೊರೆಸಿದ. ಬಾಯಿ ತುಂಬ ಅವಳೇ ಕೊಟ್ಟ ಕವಳ, ತುಟಿ ಕೆಂಪಗಾಗಿತ್ತು. "ಹೆದರಿಕೆ ಹೋತಾ?"

"ಇಲ್ಲೆ."

"ನಂದೂ ಹೋಯ್ದಿಲ್ಲೆ." ಸಣ್ಣ ಹುಡುಗನ ಹಾಗೆ ನಾಚಿಕೊಂಡು, "ಮಧುರಾ... ಇನ್ನೊಂದು ಸಲ ಕೇಳು," ಎಂದ.

"ಎಂತಕ್ಕೆ?"

"ಕೇಳಿದ್ರೆ ಚೊಲೋ ಆಗ್ತು."

ಅವಳು ನಕ್ಕಳು. ಈ ಸಲ ಕೈ ನಡುಗಲಿಲ್ಲ.

"ಬತ್ರಾ?"

"ಬತ್ತೆ."